ಡಾಕ್ಟರ್ ಫೀಲ್‌ಗುಡ್ ತಂಡದ ‘ಸ್ಟುಪಿಡಿಟಿ’: ಕೇಳುವ ಕ್ರಮ

ಇಂಗ್ಲೆಂಡಿನ ಡಾಕ್ಟರ್ ಫೀಲ್‌ಗುಡ್ ತಂಡದ ಲೈವ್ ಆಲ್ಬಂ ‘ಸ್ಟುಪಿಡಿಟಿ’ಯನ್ನು ಮೊದಲ ಸಲ ಹಾಕಿದವರಲ್ಲಿ ಮುಕ್ಕಾಲು ಪಾಲು ಜನರಿಗೆ ನಿರಾಸೆಯೇ ಆಗುತ್ತದೆ. ಪಂಕ್ ಎಂಬ ರೊಚ್ಚಿನ, ಒರಟು ರಾಕ್‌ಗೆ ದಾರಿ ಮಾಡಿಕೊಟ್ಟ ಆಲ್ಬಂ ಅಂತ ಎಲ್ಲೋ ಓದಿರುತ್ತಾರೆ. ಹಾಕಿ ನೋಡಿದರೆ ಮೌತ್ ಆರ್ಗನ್, ಚಕ್ ಬೆರಿಯ ಹಳೇ ಹಾಡು, ಒಂದೇ ಒಂದು ಗಿಟಾರು. ರೊಚ್ಚಿನ ಕೂಗಿಲ್ಲ, ಪಂಕ್‌ನವರಂತೆ ಬ್ರಿಟನ್ನಿನ ರಾಣಿಗೆ ಬೈಗುಳವಿಲ್ಲ. ಅಮೆರಿಕದ ಕಪ್ಪು ಜನರ ಹಾಡಾದ ಬ್ಲೂಸ್‌ನ ಹುಚ್ಚಿರುವವರ ಪಾಡೂ ಅಷ್ಟೆ: ಕಣ್ಣು ಮುಚ್ಚಿ ಐದು ನಿಮಿಷ ಎಳೆಯುವ ಗಿಟಾರ್ ಸೋಲೊ ಎಲ್ಲಿ ಅಂತ ಹುಡುಕಿ ಸುಸ್ತಾಗುತ್ತಾರೆ. ಇಬ್ಬರೂ ಹುಡುಕುತ್ತಿರುವುದು ಶಬ್ದವನ್ನು. ಈ ತಂಡದ ಸೊಗಸು ಇರುವುದು ಒಂದು ಏಟಿಗೂ ಮುಂದಿನ ಏಟಿಗೂ ನಡುವೆ ಖಾಲಿ ಬಿಟ್ಟ ಜಾಗದಲ್ಲಿ. ಅಲ್ಲಿಗೆ ಕಿವಿ ಕೊಡುವುದನ್ನು ರೂಢಿ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಐದು ಸುತ್ತು ಕೇಳುವಷ್ಟು ತಾಳ್ಮೆ, ಒಂದು ಸುತ್ತಿಗೆ ಮುಕ್ಕಾಲು ಗಂಟೆಯ ಆಸುಪಾಸು.

ಏನಿದು, ಎಲ್ಲಿಯದು

ಲಂಡನ್ನಿನಿಂದ ಪೂರ್ವಕ್ಕೆ ಹೋದರೆ ಥೇಮ್ಸ್ ನದಿ ಸಮುದ್ರ ಸೇರುವ ಅಳಿವೆ ಸಿಗುತ್ತದೆ. ಅಲ್ಲಿ, ಎಸೆಕ್ಸ್ ಸೀಮೆಗೆ ಸೇರಿದ ಕ್ಯಾನ್ವೀ ಐಲೆಂಡ್ ಎಂಬ ತಗ್ಗು ದ್ವೀಪವಿದೆ. ಭರತದ ನೀರಿಗಿಂತ ನೆಲವೇ ಕೆಳಗಿರುವುದರಿಂದ ಸುತ್ತ ಕಟ್ಟೆ ಕಟ್ಟಿಕೊಂಡು ಬದುಕುವ ಊರು ಅದು. 1953ರ ಪ್ರವಾಹದಲ್ಲಿ ಆ ಕಟ್ಟೆ ಒಡೆದು 50ಕ್ಕೂ ಹೆಚ್ಚು ಜನ ಸತ್ತಿದ್ದರು. ಆಗ ಪಕ್ಕದಲ್ಲೇ ತೈಲ ಸಂಸ್ಕರಣಾಗಾರಗಳಿದ್ದವು. ರಾತ್ರಿಯೆಲ್ಲ ಉರಿಯುತ್ತಿದ್ದ ಚಿಮಣಿಗಳು. ಡಾಕ್ಟರ್ ಫೀಲ್‌ಗುಡ್ ತಂಡ ಹುಟ್ಟಿದ್ದು ಇಲ್ಲಿ, 1971ರಲ್ಲಿ. ಹುಡುಗರು ತಮ್ಮೂರನ್ನು ತಮಾಷೆಗೆ ‘ಥೇಮ್ಸ್ ಡೆಲ್ಟಾ’ ಅಂತ ಕರೆದುಕೊಳ್ಳುತ್ತಿದ್ದರು. ಬ್ಲೂಸ್ ಹುಟ್ಟಿದ ಮಿಸಿಸಿಪ್ಪಿ ಡೆಲ್ಟಾಕ್ಕೆ ಇದು ಅಳಿವೆಯ ಕೆಸರಿನಿಂದ ಹೋದ ಉತ್ತರ.

ತಂಡದಲ್ಲಿ ನಾಲ್ವರು. ಹಾಡು, ಮೌತ್ ಆರ್ಗನ್ ಲೀ ಬ್ರಿಲೋ. ಗಿಟಾರು ವಿಲ್ಕೊ ಜಾನ್ಸನ್, ಸ್ವಂತ ಹಾಡುಗಳನ್ನು ಬರೆಯುತ್ತಿದ್ದವನೂ ಅವನೇ. ಬಾಸ್ ಜಾನ್ ಸ್ಪಾರ್ಕ್ಸ್. ಡ್ರಮ್ಸ್ ಜಾನ್ ಮಾರ್ಟಿನ್, ಎಲ್ಲರ ಬಾಯಲ್ಲಿ ‘ದ ಬಿಗ್ ಫಿಗರ್’. ಕೀಬೋರ್ಡಿಲ್ಲ, ಒಂದು ಹಾಡು ಬಿಟ್ಟರೆ ಎರಡನೇ ಗಿಟಾರಿಲ್ಲ.

ಇವರ ಬಗೆಯ ಸಂಗೀತಕ್ಕೆ ಪಬ್ ರಾಕ್ ಅನ್ನುತ್ತಾರೆ. ಅದು ರಾಗದ ಹೆಸರಲ್ಲ, ಜಾಗದ ಹೆಸರು. 1971ರ ಹೊತ್ತಿಗೆ ಬ್ರಿಟನ್ನಿನ ದೊಡ್ಡ ರಾಕ್ ತಂಡಗಳು ಲಾರಿಗಟ್ಟಲೆ ಸಾಮಾನು ಹೊತ್ತು ದೊಡ್ಡ ಸಭಾಂಗಣಗಳಲ್ಲಿ 20 ನಿಮಿಷದ ಹಾಡು ನುಡಿಸುತ್ತಿದ್ದವು. ಆ ವರ್ಷ ಉತ್ತರ ಲಂಡನ್ನಿನ ಕೆಂಟಿಶ್ ಟೌನಿನ ‘ಟ್ಯಾಲಿ ಹೋ’ ಎಂಬ ಪಬ್ಬಿನಲ್ಲಿ ಎಗ್ಸ್ ಓವರ್ ಈಜಿ ಎಂಬ ಅಮೆರಿಕದ ತಂಡ ನುಡಿಸತೊಡಗಿತು, ಬೇರೆ ಪಬ್ಬುಗಳೂ ಹಿಂದೆಯೇ ಬಂದವು. ಇಸ್ಲಿಂಗ್ಟನ್ನಿನ ‘ಹೋಪ್ ಅಂಡ್ ಆ್ಯಂಕರ್’ ಅವುಗಳಲ್ಲಿ ಹೆಸರುವಾಸಿ. ಜಾಗ ಇಕ್ಕಟ್ಟು, ಕೇಳುವವರ ಕೈಯಲ್ಲಿ ಬಿಯರು. ಹಾಡು ಮೂರು ನಿಮಿಷ ದಾಟಿದರೆ ಅವರು ಬೆನ್ನು ತಿರುಗಿಸಿ ಮಾತಿಗೆ ಇಳಿಯುತ್ತಾರೆ. ಈ ಇಕ್ಕಟ್ಟೇ ಆ ಸಂಗೀತದ ವ್ಯಾಕರಣ.

‘ಸ್ಟುಪಿಡಿಟಿ’ ಬಂದದ್ದು 1976ರ ಸೆಪ್ಟೆಂಬರಿನಲ್ಲಿ, ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯಿಂದ. ಅಕ್ಟೋಬರಿನಲ್ಲಿ ಬ್ರಿಟನ್ನಿನ ಆಲ್ಬಂ ಪಟ್ಟಿಯ ತುದಿಗೇರಿತು. ಅದೇ ತಿಂಗಳು ದ ಡ್ಯಾಮ್ಡ್ ಎಂಬ ಪಂಕ್ ತಂಡದ ಮೊದಲ ಸಿಂಗಲ್ (ಬದಿಗೊಂದು ಹಾಡಿನ ಪುಟ್ಟ ತಟ್ಟೆ) ಬಂತು. ನವೆಂಬರಿನಲ್ಲಿ ಇನ್ನೊಂದು ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ನದು. ಅಂದರೆ ಪಂಕ್ ಬಾಗಿಲು ಬಡಿಯುತ್ತಿದ್ದಾಗ ಒಳಗೆ ನುಡಿಯುತ್ತಿದ್ದ ತಟ್ಟೆ ಇದು.

ಮೊದಲು ಸರಿಯಾದ ಪ್ರತಿ ಹುಡುಕಿ

ಇಲ್ಲೇ ಬಹಳ ಜನ ಎಡವುತ್ತಾರೆ. ಮೂಲ ಆಲ್ಬಮ್ಮಿನಲ್ಲಿ ಇರುವುದು 13 ಹಾಡು. ಮೊದಲ ಬದಿಯ ಏಳನ್ನು ಶೆಫೀಲ್ಡ್ ಸಿಟಿ ಹಾಲ್‌ನಲ್ಲಿ 1975ರ ಮೇ 23ರಂದು, ಎರಡನೇ ಬದಿಯ ಆರನ್ನು ಸೌತೆಂಡ್‌ನ ಕುರ್ಸಾಲ್‌ನಲ್ಲಿ 1975ರ ನವೆಂಬರ್ 8ರಂದು ಧ್ವನಿಮುದ್ರಿಸಿದ್ದು. ‘ಟಾಕಿಂಗ್ ಅಬೌಟ್ ಯೂ’ ಹಾಡಿನಿಂದ ಶುರು, ‘ರಾಕ್ಸೆಟ್’ನಿಂದ ಮುಕ್ತಾಯ. ಈ ಎರಡು ತುದಿ ಸರಿಯಿದ್ದು ನಡುವೆ ಎಣಿಕೆ 13 ಆದರೆ ನಿಮ್ಮ ಕೈಯಲ್ಲಿರುವುದು ಅಸಲಿ ಜೋಡಣೆ.

ಹೆಸರಿನ ಮುಂದೆ ಕೂಡಿಸುವ ಚಿಹ್ನೆ ಇರುವ ಸಿಡಿ ಆವೃತ್ತಿಯೂ ಉಂಟು. ಅದರಲ್ಲಿ ಮುಂದಿನ ವರ್ಷಗಳ ಕಛೇರಿಗಳ ಹಾಡುಗಳನ್ನು ಬಾಲಕ್ಕೆ ಕಟ್ಟಿದ್ದಾರೆ. ಅವುಗಳಲ್ಲಿ ಗಿಟಾರು ಬೇರೆಯವರದು, ಏಕೆಂದರೆ ವಿಲ್ಕೊ 1977ರಲ್ಲೇ ತಂಡ ಬಿಟ್ಟ. ತಪ್ಪೇನಿಲ್ಲ, ಆದರೆ 13ಕ್ಕೆ ನಿಲ್ಲಿಸಿ. ನಿಲ್ಲಿಸದೆ ಕೇಳಿದವರಿಗೆ ‘ಕೊನೆಕೊನೆಗೆ ಏನೋ ಸಪ್ಪೆಯಾಯಿತು’ ಅನ್ನಿಸುವುದು ಆಲ್ಬಮ್ಮಿನ ದೋಷವಲ್ಲ.

ಎಲ್‌ಪಿ, ಅಂದರೆ ದೊಡ್ಡ ತಟ್ಟೆ, ಕೊಳ್ಳುವವರಿಗೆ: ಬ್ರಿಟಿಷ್ ಮೊದಲ ಮುದ್ರಣದ ಸಂಖ್ಯೆ ಯುಎಎಸ್ 29990. ಮೊದಲ 20,000 ಪ್ರತಿಗಳ ಜೊತೆ ಒಂದು ಸಿಂಗಲ್ ಉಚಿತವಾಗಿ ಬಂದಿತ್ತು, ಒಂದು ಕಡೆ ‘ರಯಟ್ ಇನ್ ಸೆಲ್ ಬ್ಲಾಕ್ ನಂಬರ್ ನೈನ್’, ಇನ್ನೊಂದು ಕಡೆ ‘ಜಾನಿ ಬಿ. ಗುಡ್’. ಹಳೇ ತಟ್ಟೆ ಮಾರುವವರು ಇದರ ಹೆಸರಲ್ಲಿ ಬೆಲೆ ಏರಿಸುತ್ತಾರೆ. ಸಿಂಗಲ್ ಒಳಗಿದೆಯೇ ಅಂತ ಫೋಟೊ ಕೇಳಿ ಆಮೇಲೆ ಮಾತಾಡಿ. ಸಂತೋಷಕ್ಕಾಗಿ ಕೇಳುವವರಿಗೆ ಅದಿಲ್ಲದ ಪ್ರತಿಯೇ ಧಾರಾಳವಾಯಿತು. ಪಾರ್ಟಿಗಳಲ್ಲಿ ಉರುಳಾಡಿದ ತಟ್ಟೆಯಿದು, ಗೀರು ಸಾಮಾನ್ಯ. ಗೀರು ಉಗುರಿಗೆ ಸಿಕ್ಕುವಷ್ಟು ಆಳವಿದ್ದರೆ ಬಿಟ್ಟುಬಿಡಿ, ಸೂಜಿ ಹಾರುತ್ತದೆ. ಕಣ್ಣಿಗೆ ಕಾಣುವ, ಉಗುರಿಗೆ ಸಿಗದ ಗೀರಿನಿಂದ ಇಂಥ ಜೋರಿನ ಸಂಗೀತಕ್ಕೆ ಹೆಚ್ಚು ತೊಂದರೆಯಿಲ್ಲ. ಸೂಜಿಯ ಭಾರ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ತಲೆ) ತಯಾರಕರು ಹೇಳಿದಷ್ಟೇ ಇರಲಿ, ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಅಜ್ಜನ ಕಾಲದ ರೆಕಾರ್ಡ್ ಚೇಂಜರಿನ ಐದಾರು ಗ್ರಾಂ ಭಾರದ ತೋಳಿಗೆ ಕೊಟ್ಟರೆ ಒಂದೊಂದು ಸಲ ನುಡಿಸಿದಾಗಲೂ ತಟ್ಟೆ ಸವೆಯುತ್ತದೆ.

ಫೋನು, ಸ್ಪೀಕರು, ಸೆಟ್ಟಿಂಗು

ಆ್ಯಪ್‌ನಲ್ಲಿ ಕೇಳುವವರು ಮೂರು ಗುಂಡಿ ಮೊದಲು ನೋಡಿ. ಷಫಲ್ ಬೇಡ. ಕ್ರಾಸ್‌ಫೇಡ್ ಸೊನ್ನೆ: ಅದು ಒಂದು ಹಾಡಿನ ಬಾಲವನ್ನು ಮುಂದಿನದರ ತಲೆಗೆ ಹೊಲಿಯುವಾಗ ಚಪ್ಪಾಳೆಯನ್ನು, ಎರಡು ಹಾಡಿನ ನಡುವಿನ ಉಸಿರನ್ನು ನುಂಗಿಬಿಡುತ್ತದೆ. ಲೈವ್ ಆಲ್ಬಮ್ಮಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. ಮೂರನೆಯದು ಬಾಸ್ ಬೂಸ್ಟ್, ಅದನ್ನೂ ಆರಿಸಿ, ಈಕ್ವಲೈಜರನ್ನು ಚಪ್ಪಟೆ ಇಡಿ. ವಿಲ್ಕೊನ ಗಿಟಾರು ಉಳಿಯ ಹಾಗೆ ಚೂಪು. ಕೆಳಗಿನ ದನಿಯನ್ನು ಉಬ್ಬಿಸಿದರೆ ಡ್ರಮ್ಮಿನ ಗುಂಯ್‌ಗಾಟ ಆ ಚೂಪನ್ನು ಮುಚ್ಚುತ್ತದೆ, ಖಾಲಿ ಜಾಗಗಳಲ್ಲಿ ಕೆಸರು ತುಂಬಿಕೊಳ್ಳುತ್ತದೆ.

ಫೋನಿನ ಸ್ವಂತ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬಾಸ್ ಗಿಟಾರಿನ ದಪ್ಪ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರು 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಕೊಡಲಾರದು. ಸ್ಪಾರ್ಕ್ಸ್ ಪೂರ್ತಿ ಮಾಯವಾಗಿ, ತಂಡ ಮೂರು ಜನರದ್ದಾಗಿಬಿಡುತ್ತದೆ. ಸಾಧಾರಣ ತಂತಿಯ ಇಯರ್‌ಫೋನ್ ಸಾಕು. ಶಬ್ದ ಜೋರಿರಲಿ, ಆದರೆ ಪಕ್ಕದಲ್ಲಿ ಕೂತವರ ಮಾತು ಪೂರ್ತಿ ಮುಳುಗಿದರೆ ಒಂದೆರಡು ಗೆರೆ ಇಳಿಸಿ.

ಮೊದಲ ಸುತ್ತು: ಸುಮ್ಮನೆ

ಏಳು ಹಾಡು ಕೇಳಿ ಎದ್ದು ಹೋಗಿ. ಚಹಾ ಕುಡಿಯಿರಿ. ಬಂದು ಉಳಿದ ಆರು ಕೇಳಿ. ಇದು ಮಡಿವಂತಿಕೆಯಲ್ಲ. ಎರಡು ಬದಿ ಅಂದರೆ ಎರಡು ಊರು, ಎರಡು ರಾತ್ರಿ, ನಡುವೆ ಐದೂವರೆ ತಿಂಗಳು. ಶೆಫೀಲ್ಡ್ ಉತ್ತರದ ಉಕ್ಕಿನ ಊರು, ಸಿಟಿ ಹಾಲ್ ಎಂದರೆ ಸಾಲಾಗಿ ಕುರ್ಚಿ ಹಾಕಿದ ಗಂಭೀರ ಸಭಾಂಗಣ. ಕುರ್ಸಾಲ್ ಸೌತೆಂಡಿನ ಕಡಲತೀರದ ಮನರಂಜನಾ ಪಾರ್ಕಿಗೆ ಸೇರಿದ ನೃತ್ಯಶಾಲೆ, ಕ್ಯಾನ್ವೀಗೆ ಕೂಗಳತೆಯಷ್ಟು ಹತ್ತಿರ, ಅಂದರೆ ಮನೆಯಂಗಳ. ಜನರ ಗದ್ದಲದಲ್ಲಿ ಈ ವ್ಯತ್ಯಾಸ ನಿಮಗೆ ಕೇಳುತ್ತದೆಯೇ ನೋಡಿ. ಬೇರೇನೂ ಬರೆದುಕೊಳ್ಳಬೇಡಿ, ಸಾಹಿತ್ಯ ಓದಬೇಡಿ.

ಒಂದು ಕಾಕತಾಳೀಯ ಇಲ್ಲೇ ಹೇಳಿಬಿಡಬೇಕು. ಕುರ್ಸಾಲ್‌ನ ಆ ರಾತ್ರಿಗೆ ಎರಡೇ ದಿನ ಮುಂಚೆ, 1975ರ ನವೆಂಬರ್ 6ರಂದು, ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಸೆಕ್ಸ್ ಪಿಸ್ಟಲ್ಸ್ ಮೊದಲ ಸಲ ವೇದಿಕೆ ಹತ್ತಿದ್ದರು.

ಎರಡನೇ ಸುತ್ತು: ಲೆಕ್ಕ

ಕೈಯಲ್ಲಿ ತಾಳ ಹಾಕಿ ಕೂತವರಿಗೆ ಈ ಸುತ್ತು ಸಲೀಸು, ಒಂದು ತಿರುವು ಬಿಟ್ಟರೆ. ಎಲ್ಲವೂ ನಾಲ್ಕರ ಲೆಕ್ಕ. ನಾವು ಅಭ್ಯಾಸಬಲದಿಂದ ಚಪ್ಪಾಳೆಯನ್ನು ಒಂದಕ್ಕೆ ಹಾಕುತ್ತೇವೆ, ಸಮಕ್ಕೆ. ಇಲ್ಲಿ ಬಿಗ್ ಫಿಗರ್ ಸ್ನೇರ್ ಡ್ರಮ್ಮಿಗೆ ಬಾರಿಸುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಒಂದಕ್ಕೂ ಮೂರಕ್ಕೂ ಚಪ್ಪಾಳೆ ತಟ್ಟುತ್ತಾ ಹೋದರೆ ಇಡೀ ಆಲ್ಬಂ ಮದುವೆ ಮನೆಯ ಬ್ಯಾಂಡ್‌ಸೆಟ್ಟಿನ ನಡಿಗೆಯಂತೆ ಕೇಳುತ್ತದೆ. ಒಂದು ಉಪಾಯ: ಒಂದು, ಮೂರಕ್ಕೆ ಪಾದ ಊರಿ, ಎರಡು, ನಾಲ್ಕಕ್ಕೆ ಮಾತ್ರ ಕೈ ತಟ್ಟಿ. ಎರಡು ಹಾಡಿನಷ್ಟು ಹೊತ್ತು ಕಷ್ಟ, ಆಮೇಲೆ ಮೈಗೆ ಹತ್ತುತ್ತದೆ.

ಈಗ ‘ಚೆಕಿಂಗ್ ಅಪ್ ಆನ್ ಮೈ ಬೇಬಿ’ ಹಾಕಿ. ಇದು ಹನ್ನೆರಡು ಬಾರ್ ಬ್ಲೂಸ್. ನಾಲ್ಕು ಎಣಿಕೆಗೆ ಒಂದು ಬಾರ್, ಹನ್ನೆರಡು ಬಾರ್‌ಗೆ ಒಂದು ಸುತ್ತು, ಒಟ್ಟು 48 ಎಣಿಕೆ. ಆದಿತಾಳ ಬಲ್ಲವರು ಆರು ಆವರ್ತನ ಅಂತ ಹಿಡಿಯಬಹುದು. ಒಳಗಿನ ಹಂಚಿಕೆ ಹೀಗೆ: ನಾಲ್ಕು ಬಾರ್ ಆಧಾರ ಶ್ರುತಿಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು), ಎರಡು ಬಾರ್ ಮಧ್ಯಮದ ಮೇಲೆ ಕಟ್ಟಿದ ಕಾರ್ಡ್, ಮತ್ತೆ ಎರಡು ಆಧಾರಕ್ಕೆ, ಆಮೇಲೆ ಪಂಚಮದ್ದು ಒಂದು, ಮಧ್ಯಮದ್ದು ಒಂದು, ಕೊನೆಗೆ ಎರಡು ಬಾರ್ ಮನೆಗೆ. ಐದನೇ ಬಾರ್‌ಗೆ ಎತ್ತರ ಏರಿದ್ದು ಕಿವಿಗೆ ತಟ್ಟನೆ ಹೊಳೆಯಬೇಕು. ಹೊಳೆಯದಿದ್ದರೆ ಗಿಟಾರು ಬಿಟ್ಟು ಬಾಸನ್ನು ಹಿಂಬಾಲಿಸಿ.

ಅದಾದ ಮೇಲೆ ‘ಐ ಆ್ಯಮ್ ಎ ಮ್ಯಾನ್’. ಇಲ್ಲಿ ಲೆಕ್ಕ ಹನ್ನೆರಡಲ್ಲ. ಒಂದೇ ಕಾರ್ಡು, ಒಂದು ಪುಟ್ಟ ಪದಗುಚ್ಛ, ಆಮೇಲೆ ದಿಢೀರ್ ಮೌನ. ಆ ಮೌನದಲ್ಲಿ ಬ್ರಿಲೋ ಒಂದು ಸಾಲು ಹಾಡುತ್ತಾನೆ, ಮತ್ತೆ ಪದಗುಚ್ಛ. ಈ ಬಗೆಯ ನಿಲ್ಲಿಸಿ ನುಡಿಸುವ ಕಟ್ಟಡ ಅಮೆರಿಕದ ಗಾಯಕ ಬೊ ಡಿಡ್ಲಿಯದು, 1955ರದು. ಇಡೀ ತಂಡ ಒಟ್ಟಿಗೆ ಬಾಯಿ ಮುಚ್ಚುವ ಆ ಕ್ಷಣವನ್ನು ಎಣಿಸಿ. ಈ ಲೇಖನ ಹೇಳುತ್ತಿರುವ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಬಹುದಾದ ಹಾಡು ಇದು.

ಮೂರನೇ ಸುತ್ತು: ಗಿಟಾರು

‘ಶೀ ಡಸ್ ಇಟ್ ರೈಟ್’ ಒಂದನ್ನೇ ನಾಲ್ಕು ಸಲ ಹಾಕಿ. ಮೊದಲ ಮೂರು ಸಲ ಗಿಟಾರು ಮಾತ್ರ ಕೇಳಿ. ನಾಲ್ಕನೇ ಸಲ ಕೇಳುವಾಗ ‘ಇಲ್ಲಿ ಇಬ್ಬರು ನುಡಿಸುತ್ತಿದ್ದಾರೆ’ ಅನ್ನಿಸಿದರೆ ನಿಮ್ಮ ಕಿವಿ ಸರಿದಾರಿಯಲ್ಲಿದೆ. ಇರುವುದು ಒಬ್ಬನೇ.

ಈ ಬಗೆಯನ್ನು ವಿಲ್ಕೊ ಕಲಿತದ್ದು ಜಾನಿ ಕಿಡ್ ಅಂಡ್ ದ ಪೈರೇಟ್ಸ್ ತಂಡದ ಮಿಕ್ ಗ್ರೀನ್‌ನಿಂದ. ಸಾಮಾನ್ಯ ತಂಡದಲ್ಲಿ ಒಬ್ಬ ಕಾರ್ಡ್ ಬಾರಿಸುತ್ತಾನೆ, ಇನ್ನೊಬ್ಬ ಬಿಡಿ ಸ್ವರ ಮೀಟುತ್ತಾನೆ. ವಿಲ್ಕೊ ಎರಡನ್ನೂ ಒಂದೇ ಕೈಯಲ್ಲಿ ಮಾಡುತ್ತಾನೆ. ಪಿಕ್ (ತಂತಿ ಮೀಟುವ ಬಿಲ್ಲೆ) ಇಲ್ಲ, ಬರಿಬೆರಳು. ಬಲಗೈ ನಿಲ್ಲದೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಎಡಗೈ ತಂತಿಯನ್ನು ಒತ್ತಿದ್ದರೆ ಕಾರ್ಡ್ ಸಿಡಿಯುತ್ತದೆ, ಬೆರಳು ತುಸು ಸಡಿಲಿಸಿದರೆ ಅದೇ ಏಟು ‘ಠಕ್’ ಎಂಬ ಒಣ ಸದ್ದಾಗುತ್ತದೆ. ಕಾರ್ಡು, ಠಕ್, ಠಕ್, ಕಾರ್ಡು. ಆ ಠಕ್ಕುಗಳ ನಡುವೆ ತಟ್ಟನೆ ಎರಡು ತಂತಿಯ ಒಂದು ತುಣುಕು. ಸ್ವರ ಉದ್ದಕ್ಕೆ ಎಳೆಯುವುದೇ ಇಲ್ಲ. ಹುಟ್ಟಿದ ಕೂಡಲೇ ಕುತ್ತಿಗೆ ಹಿಸುಕಿ ಮುಂದೆ ಹೋಗುತ್ತಾನೆ.

ಸಲಕರಣೆಯೂ ಅದಕ್ಕೆ ತಕ್ಕಂತೆ. 1962ರ ಫೆಂಡರ್ ಟೆಲಿಕ್ಯಾಸ್ಟರ್, ಕಪ್ಪು ಮೈ, ಕೆಂಪು ಪಿಕ್‌ಗಾರ್ಡ್. ಆ್ಯಂಪ್ಲಿಫೈಯರ್ ಎಚ್ಎಚ್ ಕಂಪನಿಯದು, ವಾಲ್ವ್ (ಗಾಜಿನ ಕೊಳವೆ) ಇಲ್ಲದ ಟ್ರಾನ್ಸಿಸ್ಟರ್ ಬಗೆಯದು. ವಾಲ್ವ್ ಆ್ಯಂಪನ್ನು ಮಿತಿಮೀರಿ ಏರಿಸಿದರೆ ಸ್ವರ ಕೊಬ್ಬಿ ಉದ್ದಕ್ಕೆ ಹಾಡುತ್ತದೆ; ಆ ಕಾಲದ ಗಿಟಾರ್ ಶೂರರೆಲ್ಲ ಬಯಸುತ್ತಿದ್ದದ್ದು ಅದನ್ನೇ. ಈ ಟ್ರಾನ್ಸಿಸ್ಟರ್ ಪೆಟ್ಟಿಗೆಯಲ್ಲಿ ಸ್ವರ ಗಾಜಿನಂತೆ ತೆಳು, ಚೂಪು, ಸತ್ತರೆ ಸತ್ತಂತೆಯೇ. ಖಾಲಿ ಜಾಗ ಖಾಲಿಯಾಗಿಯೇ ಉಳಿಯಲು ಇದೂ ಒಂದು ಕಾರಣ.

ಮನೆಯಲ್ಲಿ ಗಿಟಾರಿದ್ದರೆ ಹತ್ತು ನಿಮಿಷ ಪ್ರಯೋಗ ಮಾಡಿ ನೋಡಿ. ಐದನೇ ಮನೆಯಲ್ಲಿ ಬಾರ್ ಕಾರ್ಡ್ (ತೋರುಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತಿ ಹಿಡಿಯುವುದು) ಹಿಡಿಯಿರಿ, ಅದು ಎ. ಬಲಗೈ ಬೆರಳುಗಳಿಂದ ನಾಲ್ಕು ಎಣಿಕೆಯ ಒಂದು ಬಾರ್‌ಗೆ ಎಂಟು ಏಟು, ನಿಧಾನಕ್ಕೆ, ಮೇಲೆ ಕೆಳಗೆ. ಮೊದಲು ಎಂಟೂ ಠಕ್ ಆಗಲಿ. ಆಮೇಲೆ ಒಂದನೆಯ ಮತ್ತು ನಾಲ್ಕನೆಯ ಏಟಿಗೆ ಮಾತ್ರ ಎಡಗೈ ಒತ್ತಿ. ಸಾಮಾನ್ಯವಾಗಿ ಆಗುವ ತಪ್ಪು ಎರಡು. ಕಾರ್ಡ್ ಬೇಕಾದಾಗ ಬಲಗೈಯನ್ನೂ ಜೋರು ಮಾಡುವುದು ಒಂದು: ಬೇಡ, ಬಲಗೈಗೆ ಎಡಗೈ ಏನು ಮಾಡುತ್ತಿದೆ ಅನ್ನುವುದೇ ಗೊತ್ತಿರಬಾರದು. ಇನ್ನೊಂದು, ಸಡಿಲಿಸುವಾಗ ಬೆರಳನ್ನು ತಂತಿಯಿಂದ ಪೂರ್ತಿ ಎತ್ತುವುದು. ಹಾಗೆ ಎತ್ತಿದರೆ ತೆರೆದ ತಂತಿಗಳು ಜುಮ್ ಅನ್ನುತ್ತವೆ. ಮುಟ್ಟಿಕೊಂಡೇ ಇರಬೇಕು, ಒತ್ತಬಾರದು. ಹತ್ತು ನಿಮಿಷಕ್ಕೆ ಬಲಗೈ ಉಗುರಿನ ಬುಡ ಉರಿಯತೊಡಗುತ್ತದೆ. ವಿಲ್ಕೊ ರಾತ್ರಿಯಿಡೀ ಹೀಗೆ ನುಡಿಸುತ್ತಿದ್ದ ಅನ್ನುವುದು ಆಗ ತಲೆಗಲ್ಲ, ಬೆರಳಿಗೆ ತಿಳಿಯುತ್ತದೆ.

ಈ ಸುತ್ತಿನ ಕೊನೆಗೆ ‘ಬ್ಯಾಕ್ ಇನ್ ದ ನೈಟ್’. ಇಲ್ಲೊಂದು ಜಾರುವ, ಲೋಹದ ಗಿಟಾರ್ ದನಿ ಕೇಳಿಸುತ್ತದೆ. ಅದು ವಿಲ್ಕೊನದಲ್ಲ, ಬ್ರಿಲೋ ಕೈಗೆ ಸ್ಲೈಡ್ (ತಂತಿಯ ಮೇಲೆ ಜಾರಿಸುವ ಕೊಳವೆ) ಹಾಕಿಕೊಂಡಿದ್ದಾನೆ.

ನಾಲ್ಕನೇ ಸುತ್ತು: ಹಿಂದಿನ ಸಾಲು

ಬಾಸ್ ಮತ್ತು ಡ್ರಮ್ಮಿಗೆ ಇಡೀ ಆಲ್ಬಂ ಬೇಕಿಲ್ಲ, ‘ಗೋಯಿಂಗ್ ಬ್ಯಾಕ್ ಹೋಮ್’ ಮತ್ತು ‘ಆಲ್ ಥ್ರೂ ದ ಸಿಟಿ’ ಸಾಕು. ಇಬ್ಬರೂ ಗಮನ ಸೆಳೆಯಲು ಏನನ್ನೂ ಮಾಡುವುದಿಲ್ಲ, ಮತ್ತು ಅದು ಬೇಕೆಂತಲೇ. ಗಿಟಾರು ನೆಲ ಬಿಟ್ಟು ಹಾರಾಡುತ್ತಿರುವಾಗ ನೆಲ ಅಲುಗಾಡಬಾರದು. ಹಾಡಿನ ವೇಗ ಮೊದಲಿನಿಂದ ಕೊನೆಯವರೆಗೆ ಹೇಗೆ ನಿಲ್ಲುತ್ತದೆ ನೋಡಿ, ಅಷ್ಟೆ.

ಐದನೇ ಸುತ್ತು: ಗಂಟಲು ಮತ್ತು ಮೌತ್ ಆರ್ಗನ್

ಬ್ರಿಲೋ ಹಾಡುವುದು ಚೆಂದಕ್ಕಲ್ಲ. ಬಾಕಿ ವಸೂಲಿಗೆ ಬಂದವನ ದನಿ ಅದು: ಕೂಗುವುದಿಲ್ಲ, ಆದರೆ ಎದ್ದು ಹೋಗುವುದೂ ಇಲ್ಲ. ಸಾಲಿನ ಕೊನೆಯ ಅಕ್ಷರವನ್ನು ಕಚ್ಚಿ ತುಂಡರಿಸುತ್ತಾನೆ. ಗಿಟಾರಿನಲ್ಲಿ ಕೇಳಿದ ಅದೇ ಸ್ವಭಾವ ಗಂಟಲಲ್ಲೂ.

ಮೌತ್ ಆರ್ಗನ್ನಿಗೆ ‘ರಾಕ್ಸೆಟ್’ ಒಳ್ಳೆಯ ಪಾಠ. ಬ್ಲೂಸ್‌ನವರು ಹಾಡಿನ ಶ್ರುತಿಗೆ ಹೊಂದುವ ಮೌತ್ ಆರ್ಗನ್ನನ್ನು ಹಿಡಿಯುವುದಿಲ್ಲ. ಹಾಡು ಇ ಶ್ರುತಿಯಲ್ಲಿದ್ದರೆ ಎ ಶ್ರುತಿಯ ಹತ್ತು ತೂತಿನ ವಾದ್ಯ ಹಿಡಿಯುತ್ತಾರೆ. ಆಗ ಆಧಾರ ಸ್ವರ ಎರಡನೇ ತೂತಿನಲ್ಲಿ, ಊದಿದಾಗಲ್ಲ, ಉಸಿರು ಒಳಗೆ ಎಳೆದಾಗ ಸಿಗುತ್ತದೆ. ಒಳಗೆಳೆಯುವಾಗ ನಾಲಿಗೆ, ಗಂಟಲು ಸರಿಹೊಂದಿಸಿ ಸ್ವರವನ್ನು ಕೆಳಕ್ಕೆ ಬಗ್ಗಿಸಬಹುದು. ಬ್ಲೂಸ್‌ನ ಆ ನರಳಿಕೆ ಬರುವುದು ಅಲ್ಲಿಂದ. ಉತ್ಸಾಹದಲ್ಲಿ ಅಂಗಡಿಗೆ ಹೋಗುವವರಿಗೆ ಒಂದು ಮಾತು: ನಮ್ಮಲ್ಲಿ ಅಗ್ಗಕ್ಕೆ ಸಿಗುವ, ಮೇಲೂ ಕೆಳಗೂ ಎರಡು ಸಾಲು ತೂತಿರುವ ಮೌತ್ ಆರ್ಗನ್ ಇದಕ್ಕಾಗುವುದಿಲ್ಲ. ಅದರಲ್ಲಿ ಒಂದೇ ಸ್ವರಕ್ಕೆ ಎರಡೆರಡು ರೀಡ್ (ಕಂಪಿಸುವ ಲೋಹದ ನಾಲಿಗೆ) ತುಸು ಅಪಶ್ರುತಿಯಲ್ಲಿ ಕೂತಿರುತ್ತವೆ. ದನಿ ತೂಗಾಡುತ್ತದೆ, ಬಗ್ಗುವುದಿಲ್ಲ. ಒಂದೇ ಸಾಲಿನ ಹತ್ತು ತೂತಿನ ಡಯಾಟಾನಿಕ್ ಕೇಳಿ ತನ್ನಿ.

ಸಾಹಿತ್ಯ

ಈಗ ಓದಬಹುದು. ವಿಲ್ಕೊ ಬರೆದ ಹಾಡುಗಳಲ್ಲಿ ಅಮೆರಿಕದ ಹೆದ್ದಾರಿಯಿಲ್ಲ, ಕ್ಯಾಡಿಲ್ಯಾಕ್ ಇಲ್ಲ. ‘ಆಲ್ ಥ್ರೂ ದ ಸಿಟಿ’ ಶುರುವಾಗುವುದೇ ಬೆಳಗಿನ ಜಾವ ಉರಿಯುವ ಗೋಪುರಗಳಿಂದ; ಅವು ಕ್ಯಾನ್ವೀಯಿಂದ ಆಗ ಕಾಣುತ್ತಿದ್ದ ತೈಲ ಸಂಸ್ಕರಣಾಗಾರದ ಚಿಮಣಿಗಳು. ‘ರಾಕ್ಸೆಟ್’ನಲ್ಲಿ ಗೆಳತಿಯನ್ನು ಬೇರೆಯವನ ಜೊತೆ ಕಂಡವನ ಅನುಮಾನ, ಅಷ್ಟೇ ಸರಳ. (ಸ್ವೀಡನ್ನಿನ ಪಾಪ್ ಜೋಡಿ ತನ್ನ ಹೆಸರು ತೆಗೆದುಕೊಂಡದ್ದು ಈ ಹಾಡಿನಿಂದಲೇ.) ಸಾಲುಗಳು ಗಿಡ್ಡ, ಮಾತು ದಿನಬಳಕೆಯದು. ಬರೆದವನು ಇಂಗ್ಲಿಷ್ ಸಾಹಿತ್ಯದ ಪದವೀಧರ, ಕೆಲಕಾಲ ಶಾಲೆಯ ಮೇಷ್ಟ್ರು, ಪದವಿ ಮುಗಿದ ಮೇಲೆ ರಸ್ತೆ ಹಿಡಿದು ಭಾರತದವರೆಗೆ ಬಂದು ಹೋದವನು. ಅದರ ಸುಳಿವು ಹಾಡಿನಲ್ಲಿ ಎಲ್ಲೂ ಬಿಟ್ಟುಕೊಡದಿರುವುದೇ ಅವನ ಜಾಣತನ.

ಕಣ್ಣಿಗೂ ಕೆಲಸ ಕೊಡಿ

ಐದು ಸುತ್ತು ಮುಗಿಯುವವರೆಗೆ ವಿಡಿಯೊ ನೋಡಬೇಡಿ, ಮುಗಿದ ಮೇಲೆ ನೋಡದೆ ಇರಬೇಡಿ. ಕುರ್ಸಾಲ್‌ನ ಆ ನವೆಂಬರ್ ರಾತ್ರಿಯನ್ನು ಚಿತ್ರೀಕರಿಸಲಾಗಿತ್ತು. 2005ರಲ್ಲಿ ‘ಗೋಯಿಂಗ್ ಬ್ಯಾಕ್ ಹೋಮ್’ ಹೆಸರಿನಲ್ಲಿ ಡಿವಿಡಿಯಾಗಿ ಬಂತು. ಹುಡುಕುವಾಗ ಹೆಸರಿನ ಗೊಂದಲಕ್ಕೆ ಸಿಕ್ಕಿಬೀಳುತ್ತೀರಿ. ‘ಗೋಯಿಂಗ್ ಬ್ಯಾಕ್ ಹೋಮ್’ ಅನ್ನುವುದು ಈ ಆಲ್ಬಮ್ಮಿನ ಒಂದು ಹಾಡು, ಆ ಡಿವಿಡಿಯ ಹೆಸರು, ಮತ್ತು ವಿಲ್ಕೊ 2014ರಲ್ಲಿ ದ ಹೂ ತಂಡದ ರೋಜರ್ ಡಾಲ್ಟ್ರಿ ಜೊತೆ ತಂದ ಬೇರೆಯೇ ಆಲ್ಬಮ್ಮಿನ ಹೆಸರೂ ಹೌದು. ಡಾಲ್ಟ್ರಿ ಹೆಸರು ಕಂಡರೆ ಅದು ನೀವು ಹುಡುಕುತ್ತಿರುವುದಲ್ಲ. ವಿಲ್ಕೊ ಕ್ಯಾನ್ಸರ್ ತಗುಲಿ ದಿನ ಎಣಿಸುತ್ತಿದ್ದಾಗ ಮಾಡಿದ ಆಲ್ಬಂ ಅದು. ಆಮೇಲೆ ಶಸ್ತ್ರಚಿಕಿತ್ಸೆಯಾಗಿ 2022ರವರೆಗೆ ಬದುಕಿದ.

ವಿಡಿಯೊದಲ್ಲಿ ನೋಡಬೇಕಾದ್ದು ಕಾಲು. ವಿಲ್ಕೊ ಕಣ್ಣು ಮಿಟುಕಿಸದೆ, ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ವೈರನ್ನು ಎಳೆದುಕೊಂಡು, ಹಳಿಯ ಮೇಲಿನ ಗೊಂಬೆಯಂತೆ ವೇದಿಕೆಯ ಹಿಂದಕ್ಕೂ ಮುಂದಕ್ಕೂ ಸರಸರ ಜಾರುತ್ತಾನೆ. ಗಿಟಾರನ್ನು ಬಂದೂಕಿನಂತೆ ಎತ್ತಿ ಜನರ ಮೇಲೆ ಗುರಿ ಇಡುತ್ತಾನೆ. ಬ್ರಿಲೋ ಸೂಟು ಹಾಕಿ ನಿಂತಲ್ಲೇ ಕುದಿಯುತ್ತಾನೆ. ಉದ್ದ ಕೂದಲು, ಬೆಲ್‌ಬಾಟಮ್ಮಿನ ಕಾಲದಲ್ಲಿ ಗಿಡ್ಡ ಕೂದಲು, ಮಾಸಿದ ಕೋಟು, ಇಕ್ಕಟ್ಟಿನ ಪ್ಯಾಂಟು. ಮರುವರ್ಷದ ಪಂಕ್ ಹುಡುಗರ ವೇಷದ ಅರ್ಧ ಇಲ್ಲೇ ತಯಾರಾಗಿತ್ತು.

ಮೂಲಗಳ ಜೊತೆ ಹೋಲಿಸಿ

13ರಲ್ಲಿ ಆರು ಹಾಡು ಎರವಲು. ಎಲ್ಲವನ್ನೂ ಹುಡುಕಲು ಹೋಗಬೇಡಿ, ಎರಡು ಸಾಕು. ರುಫಸ್ ಥಾಮಸ್‌ನ ‘ವಾಕಿಂಗ್ ದ ಡಾಗ್’ ಕೇಳಿ, ಆಮೇಲೆ ರೋಲಿಂಗ್ ಸ್ಟೋನ್ಸ್ 1964ರಲ್ಲಿ ಹಾಡಿದ್ದು, ಕೊನೆಗೆ ಇದು. ಥಾಮಸ್‌ನದು ತೂಗುವ ನಡೆ, ಸ್ಟೋನ್ಸ್‌ನದು ತುಂಟತನ, ಇವರದು ಗದರಿಕೆ. ಎರಡನೆಯದು ಶೀರ್ಷಿಕೆಯ ಹಾಡು, ಸೊಲೊಮನ್ ಬರ್ಕ್ ಬರೆದದ್ದು. ಬರ್ಕ್ ಅಮೆರಿಕದ ಸೋಲ್ ಗಾಯಕ, ಭಾವ ತುಂಬಿ ಹಾಡುವ ಬಗೆಯವನು. ಅವನ ಗಂಟಲಿನ ಬೆಣ್ಣೆಯನ್ನೆಲ್ಲ ಇವರು ಬಳಿದು ತೆಗೆದು ಎಲುಬು ಉಳಿಸಿಕೊಂಡಿದ್ದಾರೆ. ಬೆಣ್ಣೆಯೇ ಇಷ್ಟವಾದರೆ ಅದೂ ನ್ಯಾಯವೇ.

ಪಂಕ್ ಎಲ್ಲಿ ಸೇರುತ್ತದೆ

ನಂಟು ಎರಡು ಬಗೆಯದು. ಒಂದು ಕಾಸಿನದು: 1976ರಲ್ಲಿ ಡೇವ್ ರಾಬಿನ್ಸನ್ ಮತ್ತು ಜೇಕ್ ರಿವಿಯೆರಾ ಶುರುಮಾಡಿದ ಸ್ಟಿಫ್ ರೆಕಾರ್ಡ್ಸ್‌ಗೆ ಲೀ ಬ್ರಿಲೋ ಕೊಟ್ಟ 400 ಪೌಂಡ್ ಸಾಲವೇ ಮೂಲಧನ. ದ ಡ್ಯಾಮ್ಡ್‌ನ ಮೊದಲ ಸಿಂಗಲ್ ಬಂದದ್ದು ಆ ಕಂಪನಿಯಿಂದ. ಇನ್ನೊಂದು ಕೈಯದು. ಪಬ್ ರಾಕ್ ತಂಡದಿಂದಲೇ ಬಂದ ದ ಕ್ಲ್ಯಾಶ್‌ನ ಜೋ ಸ್ಟ್ರಮರ್ ಕೈಯಲ್ಲೂ ಟೆಲಿಕ್ಯಾಸ್ಟರ್. ದ ಜ್ಯಾಮ್‌ನ ಪಾಲ್ ವೆಲರ್ ವಿಲ್ಕೊನ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡವನು. ಹೋಲಿಸಿ ನೋಡಲು 1976ರದೇ ರಮೋನ್ಸ್ ತಂಡದ ಮೊದಲ ಆಲ್ಬಂ ಹಾಕಿ. ಅಲ್ಲಿ ಗಿಟಾರು ಒಂದಿಂಚೂ ಬಿಡದೆ ಗೋಡೆ ಕಟ್ಟುತ್ತದೆ. ಪಂಕ್ ಬಹುಪಾಲು ಹಿಡಿದದ್ದು ಆ ಗೋಡೆಯ ದಾರಿಯನ್ನೇ. ವಿಲ್ಕೊ ಬಿಟ್ಟ ಖಾಲಿ ಜಾಗವನ್ನು ಹಿಡಿದವರು ಸ್ವಲ್ಪ ತಡವಾಗಿ ಬಂದರು. ಗ್ಯಾಂಗ್ ಆಫ್ ಫೋರ್ ತಂಡದ 1979ರ ‘ಎಂಟರ್‌ಟೇನ್‌ಮೆಂಟ್’ನಲ್ಲಿ ಆ್ಯಂಡಿ ಗಿಲ್‌ನ ಗಿಟಾರು ಕೇಳಿದರೆ ಮೂರನೇ ಸುತ್ತಿನ ಠಕ್ಕು ನೆನಪಾಗದೆ ಇರದು.

ಆಮೇಲೇನು

ಇದೇ ಕ್ಯಾನ್ವೀಯ ಇನ್ನೊಂದು ತಂಡ ಎಡ್ಡಿ ಅಂಡ್ ದ ಹಾಟ್ ರಾಡ್ಸ್. ಅವರ 1976ರ ‘ಟೀನೇಜ್ ಡಿಪ್ರೆಶನ್’ ಹೆಚ್ಚು ಅವಸರದ್ದು. ಪದಗಳಲ್ಲಿ ಆಸಕ್ತಿ ಇರುವವರಿಗೆ ಇಯಾನ್ ಡ್ಯೂರಿಯ 1977ರ ‘ನ್ಯೂ ಬೂಟ್ಸ್ ಅಂಡ್ ಪ್ಯಾಂಟೀಸ್’. ಅದರಲ್ಲಿ ಬಾಸ್ ನುಡಿಸಿದ ನಾರ್ಮನ್ ವಾಟ್-ರಾಯ್ ಮುಂಬೈಯಲ್ಲಿ ಹುಟ್ಟಿದವನು, ಮುಂದೆ ವಿಲ್ಕೊನ ಸ್ವಂತ ತಂಡಕ್ಕೂ ಬಾಸ್ ನುಡಿಸಿದ.

ಫೀಲ್‌ಗುಡ್‌ನವರದೇ ಬೇಕೆಂದರೆ ಹಿಂದಕ್ಕೆ ಹೋಗಿ, 1975ರ ಜನವರಿಯ ಮೊದಲ ಆಲ್ಬಂ ‘ಡೌನ್ ಬೈ ದ ಜೆಟ್ಟಿ’. ಹೊದಿಕೆಯ ಮೇಲೆ ಕ್ಯಾನ್ವೀಯ ಕಪ್ಪು ಬಿಳುಪು ಚಿತ್ರ. ಇಡೀ ಆಲ್ಬಂ ಮಾನೊ, ಅಂದರೆ ಎಡ ಬಲ ಎರಡೂ ಕಿವಿಗೆ ಒಂದೇ ದನಿ. ಇಯರ್‌ಫೋನ್ ಹಾಕಿಕೊಂಡು ಎಡ ಬಲ ಬೇರೆ ಬೇರೆ ಕೇಳುತ್ತಿಲ್ಲ ಅಂತ ವೈರ್ ಅಲುಗಾಡಿಸಬೇಡಿ. ಇಯರ್‌ಫೋನ್ ತೆಗೆದು, ಇರುವ ಒಂದು ಸ್ಪೀಕರನ್ನು ಮೇಜಿನ ಮೇಲಿಟ್ಟು, ಎದುರು ಕೂತು ಹಾಕಿ.